ಅಪ್ಪನ ಟ್ರಂಕಿನ ಫೋಟೊಗಳನ್ನು ಗ್ರ್ಯಾಂಪ್ಸ್ ಅನ್ನೋ ವಂಶಾವಳಿ ಸಾಫ್ಟ್‌ವೇರಿಗೆ ಹಾಕುತ್ತಿದ್ದೇನೆ, ಎಲ್ಲಾ ಕಲಸುಮೇಲೋಗರ ಆಗಿದೆ. ದಾರಿ ಹೇಳ್ರಿ

ಮಂಡಿಪೇಟೆ ಟೀಚರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೈಮರಿ ಶಾಲೆ ಟೀಚರ್. ಹೋದ ಕಾರ್ತಿಕದಲ್ಲಿ ಅಪ್ಪ ತೀರಿಕೊಂಡರು. ಅವರ ಕಬ್ಬಿಣದ ಟ್ರಂಕು ನನ್ನ ಮನೆಗೆ ಬಂತು. ಒಳಗೆ 312 ಫೋಟೊ, ಅಂಟು ಹಾಳೆಯ ಎರಡು ಆಲ್ಬಮ್, ಗಾಜು ಹಾಕಿಸಿದ ನಾಲ್ಕು ಗುಂಪು ಫೋಟೊ, ಅಜ್ಜನ ಜಮೀನಿನ ಖರೀದಿ ಪತ್ರ, ಲಗ್ನಪತ್ರಿಕೆಗಳ ಒಂದು ಕಟ್ಟು, ಹಳೇ ಪಂಚಾಂಗದೊಳಗೆ ಮಡಚಿಟ್ಟ ಅಪ್ಪನ ಜಾತಕ. ರಿಟೈರ್ ಆದಮೇಲೆ ಅಪ್ಪ ಮನೆತನದ ಹೆಸರುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದರು. ಅದನ್ನು ಮುಗಿಸಬೇಕು ಅನ್ನೋದು ಅವರ ಆಸೆ. ಈಗ ಅದು ನನ್ನದು.

ಬೇಸಿಗೆ ರಜೆಯಲ್ಲಿ ಗ್ರ್ಯಾಂಪ್ಸ್ ಹಾಕಿಕೊಂಡು 140 ಜನರನ್ನು ಸೇರಿಸಿದೆ. ಅಲ್ಲಿಂದ ಮುಂದೆ ಹೋಗೋಕೆ ಆಗ್ತಿಲ್ಲ.

ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದು ಅಂತ ಮಗ ಫೋಟೊಗಳ ಫೋಲ್ಡರನ್ನು ಬೇರೆ ಡಿಸ್ಕಿಗೆ ಸಾಗಿಸಿದ. ಅವತ್ತಿನಿಂದ ಒಂದು ಫೋಟೊನೂ ತೆರೆಯುತ್ತಿಲ್ಲ. ಮತ್ತೆ ಒಂದೊಂದಾಗಿ ಜೋಡಿಸಬೇಕಾ?

ಅಪ್ಪನ ಪಟ್ಟಿಯನ್ನು ಅಲ್ಲಿಂದ ಇಲ್ಲಿಗೆ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರ್ತಾವೆ.

ನಮ್ಮ ಮೂಲ ಹರಪನಹಳ್ಳಿ ತಾಲೂಕಿನ ಹಳ್ಳಿ. ಕೊಟ್ಟೂರು ಬಸವೇಶ್ವರನಿಗೆ ನಡೆದುಕೊಳ್ಳೋ ಮನೆ, ಹಾಗಾಗಿ ಐದು ತಲೆಮಾರಿನಲ್ಲಿ ನಾಲ್ವರು ಕೊಟ್ರಪ್ಪ ಇದ್ದಾರೆ. ಯಾವ ಫೋಟೊ ಯಾವ ಕೊಟ್ರಪ್ಪನಿಗೆ ಹೋಯಿತೋ ನನಗೇ ಗೊಂದಲ. ಮೇಲಾಗಿ ಆ ಊರನ್ನು ಯಾವ ಜಿಲ್ಲೆ ಅಂತ ಬರೀಲಿ?

ಅಪ್ಪನ ಹುಟ್ಟಿದ ತಾರೀಖು ಶಾಲೆ ದಾಖಲೆಯಲ್ಲಿ 1-6-1946. ಜಾತಕದಲ್ಲಿ ಸರ್ವಜಿತ್ ಸಂವತ್ಸರ, ಮಾಘ ಶುದ್ಧ ಅಂತಿದೆ, ತಿಥಿ ಇರೋ ಮಡಿಕೆ ಹರಿದಿದೆ.

ಕೊನೆಯದು, ನಮ್ಮ ಚಿಕ್ಕಪ್ಪ ತಮ್ಮ ಅಕ್ಕನ ಮಗಳನ್ನೇ ಮದುವೆಯಾದವರು. ಆಕೆ ಹುಟ್ಟಿನಿಂದ ನನಗೆ ಅತ್ತೆಯ ಮಗಳು, ಲಗ್ನದಿಂದ ಚಿಕ್ಕಮ್ಮ. ಎರಡು ಸಲ ಸೇರಿಸಿದ್ದೇನೆ. ತಪ್ಪು ಅಂತ ಅನ್ನಿಸ್ತಿದೆ.

ಊರಲ್ಲಿ ನಮ್ಮ ದೊಡ್ಡತ್ತೆ ಇದ್ದಾರೆ, ಅಪ್ಪನ ಅಕ್ಕ. ವಯಸ್ಸು 86 ಇರಬಹುದು. ಹಳೇ ಮುಖಗಳನ್ನು ಗುರುತಿಸುವವರು ಅವರೊಬ್ಬರೇ ಉಳಿದಿರೋದು. ಈ ಸಾಫ್ಟ್‌ವೇರನ್ನು ಸರಿಮಾಡಿಕೊಂಡು ಅವರ ಹತ್ತಿರ ಹೋಗೋಣ ಅಂದುಕೊಂಡಿದ್ದೇನೆ.

ಕೋಟೆ ಊರಿನವನು, ಚಿತ್ರದುರ್ಗ

ಟೀಚರ್, ಫೋಟೊ ವಿಷಯಕ್ಕೆ ಹೆದರಬೇಡಿ, ಒಂದೂ ಕಳೆದಿಲ್ಲ. ಗ್ರ್ಯಾಂಪ್ಸ್ ಫೋಟೊವನ್ನು ತನ್ನೊಳಗೆ ಇಟ್ಟುಕೊಳ್ಳೋದಿಲ್ಲ. ಅದು ಎಲ್ಲಿದೆ ಅನ್ನೋ ವಿಳಾಸವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತೆ. ಮನೆ ಬದಲಾಯಿತು, ವಿಳಾಸ ಹಳೆಯದೇ ಉಳಿಯಿತು, ಅಷ್ಟೆ.

ಮೊದಲು ಬ್ಯಾಕಪ್ ತಗೊಳ್ಳಿ. ಆಮೇಲೆ ಟೂಲ್ಸ್ ಮೆನುವಿನಲ್ಲಿ ಮೀಡಿಯಾ ಮ್ಯಾನೇಜರ್ ಹುಡುಕಿ. ವಿಳಾಸದ ಹಳೇ ಭಾಗ ಕೊಟ್ಟು ಅದರ ಬದಲಿಗೆ ಹೊಸದು ಹಾಕು ಅಂದರೆ ಎಲ್ಲವನ್ನೂ ಒಂದೇ ಸಲ ತಿದ್ದುತ್ತೆ. ಅದಾದ ಮೇಲೆ ಪ್ರಿಫರೆನ್ಸಸ್‌ನಲ್ಲಿ ಬೇಸ್ ಮೀಡಿಯಾ ಪಾತ್ ಅಂತ ನಿಮ್ಮ ಫೋಲ್ಡರನ್ನು ತೋರಿಸಿ, ಅದೇ ಮೀಡಿಯಾ ಮ್ಯಾನೇಜರಿನಿಂದ ಎಲ್ಲ ವಿಳಾಸಗಳನ್ನೂ ರಿಲೇಟಿವ್ ಮಾಡಿ, ಅಂದರೆ ಆ ಫೋಲ್ಡರಿನಿಂದ ಶುರುವಾಗೋ ಹಾಗೆ. ಮುಂದೆ ಮಗ ಫೋಲ್ಡರನ್ನು ಎಲ್ಲಿಗೆ ಸಾಗಿಸಿದರೂ ಆ ಒಂದು ಜಾಗ ಬದಲಿಸಿದರೆ ಸಾಕು.

ಇನ್ನೊಂದು ಮಾತು. ಯಾರಿಗಾದರೂ ಜೆಡ್‌ಕಾಮ್ ಕಡತ (ಬೇರೆ ವಂಶಾವಳಿ ಸಾಫ್ಟ್‌ವೇರುಗಳೂ ಓದೋ ರೂಪ) ಕಳಿಸಿದರೆ ಅದರ ಜೊತೆ ಫೋಟೊ ಹೋಗೋದಿಲ್ಲ. ಗ್ರ್ಯಾಂಪ್ಸ್‌ನದೇ ಪ್ಯಾಕೇಜ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಮಾಹಿತಿ, ಫೋಟೊ ಎರಡೂ ಒಂದೇ ಗಂಟಾಗಿ ಬರುತ್ತೆ. ತಿಂಗಳಿಗೊಮ್ಮೆ ಅಂಥದ್ದೊಂದು ಮಾಡಿ, ಬೇರೆ ಊರಿನಲ್ಲಿರೋ ಯಾರ ಮನೆಯಲ್ಲಾದರೂ ಒಂದು ಪ್ರತಿ ಇಡಿ.

ಅಪ್ಪನವರ ಪಟ್ಟಿ ಯುನಿಕೋಡ್‌ಗೆ (ಈಗ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಮುಂಚಿನ ಫಾಂಟಿನಲ್ಲಿ ಟೈಪ್ ಆಗಿದೆ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಎರಡರ ಜೊತೆಗೂ ಪರಿವರ್ತಕ ಬರುತ್ತೆ, ಅದರಲ್ಲಿ ಯುನಿಕೋಡ್ ಮಾಡಿಕೊಂಡು ಅಂಟಿಸಿ. ಮಾಡಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರೋ ಹೆಸರುಗಳನ್ನು ಕಣ್ಣಿಟ್ಟು ಓದಿ, ಅಲ್ಲಿ ತಪ್ಪು ನುಸುಳುತ್ತೆ.

ನಾಲ್ವರು ಕೊಟ್ರಪ್ಪಂದಿರಿಗೆ ಹೆಸರನ್ನು ನಂಬಬೇಡಿ, ಐಡಿ ನಂಬಿ. ಪ್ರತಿಯೊಬ್ಬರಿಗೂ ಗ್ರ್ಯಾಂಪ್ಸ್ ತಾನೇ ಒಂದೊಂದು ಬೇರೆ ಸಂಖ್ಯೆ ಕೊಡುತ್ತಲ್ಲ, ಫೋಟೊ ಜೋಡಿಸುವಾಗ ಅದನ್ನು ನೋಡಿ. ಊರಲ್ಲಿ ಕರೆಯೋ ಹೆಸರು ಇದ್ದೇ ಇರುತ್ತೆ: ದೊಡ್ಡ ಕೊಟ್ರಪ್ಪ, ಅಂಗಡಿ ಕೊಟ್ರಪ್ಪ ಅಂತ. ಅದನ್ನು ಪರ್ಯಾಯ ಹೆಸರಾಗಿ ಸೇರಿಸಿ. ಮದುವೆಯಲ್ಲಿ ಹೆಸರು ಬದಲಾದ ಹೆಣ್ಣುಮಕ್ಕಳಿಗೂ ಹೀಗೇ ಮಾಡಿ. ತವರಿನ ಹೆಸರು ಅಳಿಸಬೇಡಿ.

ಚಿಕ್ಕಮ್ಮನವರನ್ನು ಒಂದೇ ಸಲ ಇಟ್ಟು, ಇನ್ನೊಂದನ್ನು ಅದಕ್ಕೆ ವಿಲೀನ ಮಾಡಿ. ಅತ್ತೆಯ ಕುಟುಂಬದಲ್ಲಿ ಮಗಳು, ಚಿಕ್ಕಪ್ಪನ ಕುಟುಂಬದಲ್ಲಿ ಹೆಂಡತಿ, ಆದರೆ ವ್ಯಕ್ತಿ ಒಬ್ಬರೇ. ವಂಶಾವಳಿ ಪಟ್ಟಿ ಮುದ್ರಿಸಿದರೆ ಎರಡು ಕಡೆ ಕಾಣಿಸ್ತಾರೆ, ಅದು ತಪ್ಪಲ್ಲ. ನಮ್ಮ ಕಡೆ ಸೋದರಮಾವನಿಗೆ ಕೊಡೋದು ತಲೆಮಾರಿನಿಂದ ನಡೆದು ಬಂದಿದ್ದು, ಬಳ್ಳಿ ಬಳ್ಳಿಗೇ ಸುತ್ತಿಕೊಂಡಿರುತ್ತೆ. ರಿಲೇಷನ್‌ಶಿಪ್ ಗ್ರಾಫ್ ತೆಗೆದು ನೋಡಿ, ಅದರಲ್ಲಿ ಒಬ್ಬರಿಗೆ ಒಂದೇ ಚೌಕ, ಎರಡು ಗೆರೆ ಬಂದು ಸೇರುತ್ತವೆ.

ನಿವೃತ್ತ ಶಿರಸ್ತೇದಾರ್, ಜಗಳೂರು

ತಾಯಿ, ಊರು ಮತ್ತು ತಾರೀಖು ಎರಡಕ್ಕೆ ನಾನು ಹೇಳ್ತೀನಿ. ಕಂದಾಯ ಇಲಾಖೆಯಲ್ಲಿ ಇಡೀ ಸರ್ವೀಸು ಇದರಲ್ಲೇ ಕಳೆದವನು.

ಹರಪನಹಳ್ಳಿ ತಾಲೂಕು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹರಪನಹಳ್ಳಿ ಅದಕ್ಕೆ ಸೇರಿತು. 2018ರಲ್ಲಿ ತಿರುಗಿ ಬಳ್ಳಾರಿ, 2021ರಲ್ಲಿ ವಿಜಯನಗರ. ಮನುಷ್ಯ ಹುಟ್ಟಿದ ಮನೆಯಲ್ಲೇ ಕೂತಿದ್ದರೂ ಜಿಲ್ಲೆ ಇಷ್ಟು ಸಲ ಬದಲಾಗಿದೆ. ಆದ್ದರಿಂದ ನಿಮ್ಮ ಅಜ್ಜನ ಹುಟ್ಟಿಗೆ ವಿಜಯನಗರ ಜಿಲ್ಲೆ ಅಂತ ಬರೆದರೆ, ನಾಳೆ ಮೊಮ್ಮಕ್ಕಳು ಹಳೇ ಖರೀದಿ ಪತ್ರವನ್ನು ಬೇರೆ ಜಿಲ್ಲೆಯ ಕಚೇರಿಯಲ್ಲಿ ಹುಡುಕ್ತಾರೆ.

ಗ್ರ್ಯಾಂಪ್ಸ್‌ನಲ್ಲಿ ಇದಕ್ಕೆ ಅನುಕೂಲ ಇದೆ. ಹಳ್ಳಿಯನ್ನು ತಾಲೂಕಿನೊಳಗೆ ಒಂದೇ ಸಲ ಇಡಿ. ತಾಲೂಕು ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಜಿಲ್ಲೆಯೊಳಗಿತ್ತು ಅಂತ ತಾರೀಖು ಸಮೇತ ಸೇರಿಸಿ. ಆಯಾ ಘಟನೆಯ ವರ್ಷ ನೋಡಿ ಅದೇ ಸರಿಯಾದ ಜಿಲ್ಲೆ ತೋರಿಸುತ್ತೆ. ಹೊನ್ನಾಳಿ, ಚನ್ನಗಿರಿ ಕಡೆ ನೆಂಟರಿದ್ದರೆ ಅವಕ್ಕೂ ಹೀಗೇ. ಅವು 1997ಕ್ಕೆ ಮುಂಚೆ ಶಿವಮೊಗ್ಗದಲ್ಲಿದ್ದವು. ನಮ್ಮ ಜಗಳೂರು, ದಾವಣಗೆರೆ, ಹರಿಹರ ಚಿತ್ರದುರ್ಗದಲ್ಲಿದ್ದವು.

ಇನ್ನು ಜನ್ಮ ದಿನಾಂಕ. ಜೂನ್ 1 ಅಂದರೆ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡದ್ದು, ಆ ಕಾಲದ ರಿಜಿಸ್ಟರುಗಳಲ್ಲಿ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿರುತ್ತೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತೆ. ಸರ್ವಜಿತ್ ಬಂದದ್ದು 1947ರ ಯುಗಾದಿಗೆ, ಅದರ ನಂತರ 2007ಕ್ಕೆ. ಮಾಘ ಬರೋದು ಸಂವತ್ಸರದ ಕೊನೆ ಕೊನೆಗೆ. ಹಾಗಾದರೆ ತಂದೆಯವರು ಹುಟ್ಟಿದ್ದು 1948ರ ಫೆಬ್ರವರಿಯಲ್ಲಿ. ಅತ್ತೆಯವರನ್ನು ಒಂದು ಮಾತು ಕೇಳಿ, ಆಗ ಊರಲ್ಲಿ, ದೇಶದಲ್ಲಿ ಏನಾಗಿತ್ತು ಅಂತ.

ಸಾಫ್ಟ್‌ವೇರಿನಲ್ಲಿ ನಮ್ಮ ಪಂಚಾಂಗ ಇಲ್ಲ. 1948 ಫೆಬ್ರವರಿ ಅಂತ ಹಾಕಿ, ದಿನ ಖಾಲಿ ಬಿಡಿ, ಜಾತಕದ ಸಾಲನ್ನು ತಾರೀಖಿನ ಟಿಪ್ಪಣಿಯಲ್ಲಿ ಇದ್ದಂತೆಯೇ ಬರೆಯಿರಿ. ಶಾಲೆಯ ತಾರೀಖನ್ನೂ ಎಸೆಯಬೇಡಿ. ಎರಡನೇ ಜನನ ಘಟನೆಯಾಗಿ ಇಟ್ಟು, ವಿಶ್ವಾಸದ ಮಟ್ಟ ಕಡಿಮೆ ಅಂತ ಗುರುತು ಹಾಕಿ. ಪೆನ್ಷನ್ ಕಾಗದವೆಲ್ಲ ಆ ತಾರೀಖಿನಲ್ಲೇ ಇರುತ್ತೆ.

ನಾಡಕಚೇರಿಯಲ್ಲಿ ಕೊಟ್ಟ ವಂಶವೃಕ್ಷ ಮನೆಯಲ್ಲಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಆದರೆ ಅದನ್ನೇ ಪೂರ್ತಿ ಅಂತ ತಿಳಿಯಬೇಡಿ. ಅದು ವಾರಸುದಾರರ ಸಲುವಾಗಿ ಮಾಡಿದ್ದು. ಕೂಸಿದ್ದಾಗಲೇ ಹೋದ ಮಕ್ಕಳು ಅದರಲ್ಲಿ ಸಿಗೋದು ಕಷ್ಟ.

ಹೊನ್ನಾಳಿ ಸೊಸೆ

ಅಕ್ಕಾ, ಇಬ್ಬರು ಸರ್ ಹೇಳಿದ್ದೆಲ್ಲ ಸರಿ. ನಾನು ಹೇಳೋದು ನಿಮ್ಮ ಕೊನೆ ಸಾಲಿಗೆ. ಸಾಫ್ಟ್‌ವೇರ್ ಸರಿಮಾಡಿಕೊಂಡು ಅತ್ತೆ ಹತ್ತಿರ ಹೋಗ್ತೀನಿ ಅಂದಿರಿ. ದಯವಿಟ್ಟು ಉಲ್ಟಾ ಮಾಡಿ. ಈ ಭಾನುವಾರವೇ ಹೋಗಿ. ನಮ್ಮ ಮಾವನವರ ವಿಷಯದಲ್ಲಿ ನಾನು ಮುಂದಿನ ಹಬ್ಬಕ್ಕೆ, ಮುಂದಿನ ಹಬ್ಬಕ್ಕೆ ಅಂತ ಎರಡು ವರ್ಷ ತಳ್ಳಿದೆ. ಈಗ ನನ್ನ ಹತ್ತಿರ ಬಹಳ ಚೆನ್ನಾಗಿ ಸ್ಕ್ಯಾನ್ ಆದ, ಹೆಸರೇ ಗೊತ್ತಿಲ್ಲದ 60 ಮುಖ ಇವೆ.

ಲ್ಯಾಪ್‌ಟಾಪ್ ಒಯ್ಯಬೇಡಿ. ವಯಸ್ಸಾದವರಿಗೆ ಆ ಬೆಳಕಿನಲ್ಲಿ ಮುಖ ಹಿಡಿಯೋಲ್ಲ. ಫೋಟೊಗಳನ್ನು ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪ್ರತಿ ತಲೆಯ ಮೇಲೆ ಪೆನ್ನಿನಲ್ಲಿ ಒಂದು ನಂಬರ್ ಬರೆಯಿರಿ. ಪ್ರಿಂಟಿನ ಮೇಲೆ ಮಾತ್ರ. ಮೂಲ ಫೋಟೊಗೆ ಬರೆಯಲೇಬೇಕಾದರೆ ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲ್, ಒತ್ತದೆ. ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಹಚ್ಚಿ ಪಕ್ಕದಲ್ಲಿಡಿ. ಅವರು ನಂಬರ್ ಹೇಳಿ ಹೆಸರು ಹೇಳಿದರೆ ಸಾಕು.

ಆಮೇಲೆ ಗ್ರ್ಯಾಂಪ್ಸ್‌ನಲ್ಲಿ ಅತ್ತೆಯನ್ನೇ ಒಂದು ಆಕರವಾಗಿ ಸೇರಿಸಿ. ಖರೀದಿ ಪತ್ರ ಹೇಗೆ ಆಕರವೋ ಅವರ ಮಾತೂ ಹಾಗೆ. ಯಾವ ದಿನ ಹೇಳಿದರು, ರೆಕಾರ್ಡಿಂಗಿನ ಎಷ್ಟನೇ ನಿಮಿಷ ಅಂತ ಪ್ರತಿ ಹೆಸರಿಗೂ ಜೋಡಿಸಿ. ಮುಂದೆ ಯಾರಾದರೂ ಇವರು ಅವರಲ್ಲ ಅಂತ ವಾದ ತೆಗೆದರೆ ಕೇಳಿಸಬಹುದು. ನಿಮ್ಮ ಊರಿಗೆ ಹೆಳವರು ಬರ್ತಿದ್ದರಾ ಅಂತಲೂ ಕೇಳಿ. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ಕೂತು ಮನೆತನದ ಪೀಳಿಗೆ ಎಲ್ಲಾ ಹೇಳಿ ಕಾಳು ತಗೊಂಡು ಹೋಗ್ತಿದ್ದರು.

ಸ್ಕ್ಯಾನ್ 600 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಇರಲಿ, ಹಿಂಬದಿಯನ್ನೂ ಮಾಡಿ, ಅಂಚು ಕತ್ತರಿಸಬೇಡಿ. ಕಡತಕ್ಕೆ ಹೆಸರು, ವರ್ಷ ಇಡಬೇಡಿ, ಅವು ಬದಲಾಗ್ತವೆ. ಟ್ರಂಕು 1, ಫೋಟೊ 34, ಹಿಂಬದಿ ಅನ್ನೋ ಹಾಗೆ ಅಂಕಿ ಸಾಕು. ಅಂಟು ಆಲ್ಬಮ್ಮಿನಿಂದ ಕೀಳೋಕೆ ಹೋಗಬೇಡಿ, ಬಾರದಿದ್ದರೆ ಹಾಳೆ ಸಮೇತ ಸ್ಕ್ಯಾನ್ ಮಾಡಿ. ಗಾಜಿಗೆ ಮೆತ್ತಿಕೊಂಡ ಫೋಟೊವನ್ನಂತೂ ಎಳೆಯಲೇಬೇಡಿ, ಮೇಲಿನ ಪದರ ಗಾಜಿನಲ್ಲೇ ಉಳಿಯುತ್ತೆ. ಗಾಜಿನ ಮೇಲಿಂದಲೇ ಕ್ಯಾಮೆರಾದಲ್ಲಿ ತೆಗೆಯಿರಿ.

ಮಂಡಿಪೇಟೆ ಟೀಚರ್, ದಾವಣಗೆರೆ

ತಂಗಿ, ನಿಮ್ಮ ಮಾತು ಕೇಳಿ ಭಾನುವಾರವೇ ಹೋದೆ. ದೊಡ್ಡತ್ತೆಗೆ ಇಷ್ಟ ಅಂತ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು, 40 ಪ್ರಿಂಟು ಹಿಡಿದು. ಮೂರು ಗಂಟೆ ಹತ್ತು ನಿಮಿಷ ರೆಕಾರ್ಡ್ ಆಗಿದೆ.

ಸರ್, ಅಪ್ಪನ ಹುಟ್ಟು ಕೇಳಿದ ಕೂಡಲೇ ಅವರು ಅಂದದ್ದು: "ಗಾಂಧಿ ಸತ್ತ ತಿಂಗಳೊಪ್ಪತ್ತಿಗೆ ನಿಮ್ಮಪ್ಪ ಹುಟ್ಟಿದ ಬೇ. ಊರಾಗ ಎಲ್ಲಾರೂ ಅಳಾಕತ್ತಿದ್ರು, ನಮ್ಮವ್ವ ಒಬ್ಬಾಕಿ ಕೂಸಿನ ಕುಲಾವಿ ಹೊಲಿಯಾಕತ್ತಿದ್ಲು." ಗಾಂಧೀಜಿ ಹೋದದ್ದು ಜನವರಿ 30. ಜಾತಕ, ಅತ್ತೆ, ನಿಮ್ಮ ಲೆಕ್ಕ ಮೂರೂ ಒಂದಾದವು. ಅಪ್ಪನ ಹೆಸರಿನ ಮುಂದೆ 1948 ಫೆಬ್ರವರಿ ಅಂತ ಬರೆಯುವಾಗ ಕೈ ನಡುಗಿತು. ಐವತ್ತು ವರ್ಷ ಅವರಿಗೆ ಜೂನ್‌ನಲ್ಲಿ ಶುಭಾಶಯ ಹೇಳಿದ್ದೆ.

ಹೆಳವರು ಬರ್ತಿದ್ದರಂತೆ. ಅತ್ತೆಯ ಮದುವೆಯಾದ ಮೇಲೂ ಎರಡು ಸಲ ಬಂದಿದ್ದರು, ಆಮೇಲೆ ಇಲ್ಲ. ಅವರು ಹೇಳಿದ್ದರಲ್ಲಿ ಏಳು ತಲೆಮಾರಿನ ಗಂಡಸರ ಹೆಸರು ಅತ್ತೆಗೆ ಇನ್ನೂ ಬಾಯಲ್ಲಿದೆ. ರಾಗದಲ್ಲೇ ಹೇಳಿದರು. ನಾಲ್ವರಲ್ಲ, ಆರು ಜನ ಕೊಟ್ರಪ್ಪ.

ಒಂದು ಫೋಟೊ ವಿಷಯ ಹೇಳಲೇಬೇಕು. ನಡುಮನೆಯಲ್ಲಿ ಗಾಜು ಹಾಕಿ ತೂಗುಹಾಕಿದ್ದ ಗುಂಪು ಫೋಟೊದಲ್ಲಿ ಬಲಗಡೆ ಕೂತವರನ್ನು ನಾವೆಲ್ಲ ಅಜ್ಜಿ ಅಂತಲೇ ಕೈ ಮುಗಿದವರು. ಅತ್ತೆ ಪ್ರಿಂಟ್ ನೋಡಿ, "ಇಕಿ ನಮ್ಮವ್ವ ಅಲ್ಲ, ನಮ್ಮ ಸಣ್ಣವ್ವ. ನಮ್ಮವ್ವ ಈ ಕಡಿ ಇದ್ಲಲ್ಲ, ಎಲ್ಲಿ ಹೋದ್ಲು?" ಅಂತ ಹಾಳೆಯ ಅಂಚಿನ ಆಚೆಗೆ ಬೆರಳಿಟ್ಟರು. ಮನೆಗೆ ಬಂದು ಚೌಕಟ್ಟನ್ನು ಹಿಂದಿನಿಂದ ಬಿಚ್ಚಿದೆ. ಗಾಜಿಗೆ ಅಂಟಿರಲಿಲ್ಲ. ಚೌಕಟ್ಟಿಗೆ ಹೊಂದಲಿ ಅಂತ ಹಾಕಿದ ರಟ್ಟಿನ ಪಟ್ಟಿಯ ಕೆಳಗೆ ಎರಡು ಬೆರಳಗಲ ಫೋಟೊ ಮುಚ್ಚಿಹೋಗಿತ್ತು. ಅಲ್ಲಿ ಅಜ್ಜಿ ನಿಂತಿದ್ದಾರೆ. ಸೆರಗು ತಲೆ ಮೇಲೆ, ಕಂಕುಳಲ್ಲಿ ಕುಲಾವಿ ಹಾಕಿದ ಕೂಸು.

ಕೂಸು ಅಪ್ಪನೋ, ಅವರಿಗಿಂತ ಮುಂಚೆ ಹುಟ್ಟಿ ಹೋದ ಮಗುವೋ, ಅತ್ತೆಯನ್ನೇ ಕೇಳಬೇಕು. ಪೂರ್ತಿ ಫೋಟೊ 600ರಲ್ಲಿ ಸ್ಕ್ಯಾನ್ ಮಾಡಿಸಿದ್ದೇನೆ, ಪ್ರಿಂಟ್ ನಾಳೆ ಸಿಗುತ್ತೆ. ಕೋಟೆ ಊರಿನ ಸರ್, ಇನ್ನೊಂದು ಕೇಳ್ತೀನಿ. ಒಂದೇ ಫೋಟೊದಲ್ಲಿ ಅಜ್ಜಿಯ ಮುಖ ಇಷ್ಟು, ಸಣ್ಣಜ್ಜಿಯದು ಇಷ್ಟು ಅಂತ ಬೇರೆ ಬೇರೆ ಗುರುತು ಹಾಕಬಹುದಾ?

ಕೋಟೆ ಊರಿನವನು, ಚಿತ್ರದುರ್ಗ

ಹಾಕಬಹುದು ಟೀಚರ್. ಅಜ್ಜಿಯ ಗ್ಯಾಲರಿಗೆ ಆ ಫೋಟೊ ಸೇರಿಸಿ, ಅದರ ಉಲ್ಲೇಖ ತಿದ್ದುವ ಕಿಟಕಿಯಲ್ಲಿ ಮುಖದ ಸುತ್ತ ಚೌಕ ಎಳೆಯಿರಿ. ಮೂಲ ಕಡತಕ್ಕೆ ಏನೂ ಆಗೋದಿಲ್ಲ, ಅಜ್ಜಿಯ ಪುಟದಲ್ಲಿ ಅವರ ಮುಖ ಮಾತ್ರ ಕಾಣುತ್ತೆ. ಸಣ್ಣಜ್ಜಿಗೂ ಅದೇ ಫೋಟೊ, ಬೇರೆ ಚೌಕ. ಕೂಸಿಗೆ ಈಗಲೇ ಯಾರ ಹೆಸರನ್ನೂ ಜೋಡಿಸಬೇಡಿ. ಅತ್ತೆ ಹೇಳೋವರೆಗೆ ಫೋಟೊದ ಟಿಪ್ಪಣಿಯಲ್ಲಿ ಇರಲಿ.