ಅಡುಗೆಮನೆಯ ಮಾಡು ಸೋರುತ್ತಿದೆ, ನಾನೇ ಹತ್ತಬಹುದೇ?

ನೀರ್ಚಾಲಿನವ:
ನಮ್ಮದು ಅಪ್ಪ ಕಟ್ಟಿಸಿದ ಮುರಕಲ್ಲಿನ ಮನೆ, ಮಂಗಳೂರು ಹೆಂಚಿನ ಮಾಡು. ಆಟಿ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು) ಹಿಡಿದ ಮೇಲೆ ಅಡುಗೆಮನೆಯಲ್ಲಿ ಎರಡು ಕಡೆ ಸೋರುತ್ತಿದೆ. ಒಲೆಯ ಪಕ್ಕದಲ್ಲೇ ಪಾತ್ರೆ ಇಟ್ಟಿದ್ದೇವೆ. ಹೆಂಚಿನ ಕೆಲಸದವರನ್ನು ಕೇಳಿದರೆ "ಮಳೆ ಬಿಡಲಿ" ಅನ್ನುತ್ತಾರೆ. ಪಕ್ಕದ ದನದ ಹಟ್ಟಿಯ ಸಿಮೆಂಟ್ ಶೀಟಿನ ಮೇಲೆ ನಿಂತರೆ ಆ ಜಾಗ ಕೈಗೆಟಕುತ್ತದೆ. ಭಾನುವಾರ ಮಳೆ ಬಿಟ್ಟು ಹೊಳವಾದರೆ ಹತ್ತಿ ನಾಲ್ಕು ಹೆಂಚು ಬದಲಿಸೋಣ ಅಂತ ಇದ್ದೇನೆ. ತೋಟದಲ್ಲಿ ಏಣಿ ಹತ್ತಿ ಅಭ್ಯಾಸವಿದೆ. ಅಮ್ಮ ಬೇಡವೇ ಬೇಡ ಅನ್ನುತ್ತಾರೆ. ಹತ್ತಿ ಗೊತ್ತಿದ್ದವರು ಹೇಳಿ.

ಪೆರ್ಲದ ಕೃಷಿಕ:
ಆ ಶೀಟಿಗೆ ಮಾತ್ರ ಕಾಲಿಡಬೇಡಿ.

2019ರ ಜೂನಿನಲ್ಲಿ ನಾನು ಇದನ್ನೇ ಮಾಡಿದೆ. ಹಟ್ಟಿಯ ಶೀಟು ಇಪ್ಪತ್ತು ವರ್ಷದ್ದು, ನೋಡಲು ಕಲ್ಲಿನ ಹಾಗಿತ್ತು. ಅಡಿಯಲ್ಲಿ ಮರ ಇರುತ್ತದೆಂದು ಬೋಲ್ಟಿನ ಸಾಲು ನೋಡಿಯೇ ಹೆಜ್ಜೆ ಇಟ್ಟೆ. ಮೂರನೇ ಹೆಜ್ಜೆ ಪಾಚಿಯಲ್ಲಿ ಅರ್ಧ ಅಡಿ ಜಾರಿತು, ಅಷ್ಟೇ. ಶೀಟು ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಒಡೆಯುತ್ತದೆ. ಹತ್ತಡಿ ಕೆಳಗಿನ ಕಾಂಕ್ರೀಟ್ ನೆಲಕ್ಕೆ ಎರಡೂ ಕಾಲೂರಿ ಬಿದ್ದೆ. ತಲೆ ಅಡಿಯಾಗಲಿಲ್ಲವಲ್ಲ ಎಂದು ಎಲ್ಲರೂ ಸಮಾಧಾನಪಟ್ಟರು. ಎಕ್ಸ್‌ರೇ ತೆಗೆದಾಗ ಬಲ ಹಿಮ್ಮಡಿಯ ಎಲುಬು ಒಡೆದಿತ್ತು, ಸೊಂಟದ ಹತ್ತಿರ ಬೆನ್ನೆಲುಬಿನ ಒಂದು ಮಣಿ ಕುಸಿದಿತ್ತು. ಎತ್ತರದಿಂದ ಬಿದ್ದು ಹಿಮ್ಮಡಿ ಒಡೆದವರ ಬೆನ್ನನ್ನೂ ನೋಡಲೇಬೇಕು, ಪೆಟ್ಟು ಮೇಲಕ್ಕೆ ಏರುತ್ತದೆ ಎಂದರು ವೈದ್ಯರು.

ನೆರೆಯವರು ಪಾಪ, ಗಾಬರಿಯಲ್ಲಿ ಕಂಕುಳಿಗೆ ಕೈಹಾಕಿ ಎತ್ತಿ ಜೀಪಿನಲ್ಲಿ ಕೂರಿಸಿದ್ದರು. ಹಾಗೆ ಮಾಡಲೇಬಾರದಂತೆ. ಬಿದ್ದವರನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಬೇಕು. ಬೆನ್ನುಹುರಿ ಉಳಿದದ್ದು ನನ್ನ ಪುಣ್ಯ. ಆ ವರ್ಷ ತೋಟಕ್ಕೆ ಸಮಯಕ್ಕೆ ಬೋರ್ಡೋ ಮದ್ದು ಬಿಡಿಸಲಾಗದೆ ಕೊಳೆರೋಗಕ್ಕೆ ಅರ್ಧ ಅಡಿಕೆ ಉದುರಿತು. ಮಳೆಗಾಲವಿಡೀ ಹೆಂಡತಿ ಒಬ್ಬಳೇ ಹಟ್ಟಿ, ತೋಟ, ನನ್ನನ್ನು ನೋಡಿಕೊಂಡಳು. ಇವತ್ತಿಗೂ ಇಳಿಜಾರಿನಲ್ಲಿ ನಡೆದರೆ ಹಿಮ್ಮಡಿ ನೋಯುತ್ತದೆ.

ಹಳೇ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒಡೆದ ತುಂಡನ್ನು ಕೊಯ್ಯುವುದು, ಒಣಗಿದ್ದನ್ನು ಗುಡಿಸುವುದು ಬೇಡ. ಆ ಧೂಳು ಶ್ವಾಸಕೋಶ ಸೇರಿದರೆ ಎಷ್ಟೋ ವರ್ಷಗಳ ನಂತರವೂ ಕ್ಯಾನ್ಸರ್ ತರಬಹುದು. ನೀರು ಚಿಮುಕಿಸಿ ಎತ್ತಿಡಿ.

ಕುಂಬಳೆಯ ಅಕ್ಕ:
ಏಣಿ ಅಲ್ಯೂಮಿನಿಯಂನದ್ದೇ? ಕಂಬದಿಂದ ಬರುವ ಸರ್ವಿಸ್ ವಯರ್ ಎಲ್ಲಿದೆ ನೋಡಿದ್ದೀರಾ? ಮೈನ್ ಸ್ವಿಚ್ ಆರಿಸಿದರೂ ಆ ವಯರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ, ಅದರಲ್ಲಿ ಹೆಂಚು ತಳ್ಳಲು ಹೋಗಬೇಡಿ.

ಅಟ್ಟ ಇದ್ದರೆ ಮೇಲೆ ಹತ್ತುವ ಅಗತ್ಯವೇ ಇಲ್ಲ. ಒಳಗಿನಿಂದ ಹೆಂಚನ್ನು ಮೆಲ್ಲ ಎತ್ತಿ ಅಡಿಗೆ ಅಡಿಕೆ ಹಾಳೆ ತುರುಕಿಸಿ. ನಮ್ಮ ಅಜ್ಜಿ ಮಾಡುತ್ತಿದ್ದದ್ದು ಅದನ್ನೇ. ಹಾಳೆಯ ಮೇಲಿನ ತುದಿ ಮೇಲಿನ ಹೆಂಚಿನ ಅಡಿಗೆ ಹೋಗಬೇಕು, ಕೆಳಗಿನ ತುದಿ ಕೆಳಗಿನ ಹೆಂಚಿನ ಮೇಲೆ ಬರಬೇಕು. ತಿರುಗುಮುರುಗಾದರೆ ನೀರೆಲ್ಲ ಒಳಗೇ.

ಮುಳ್ಳೇರಿಯದ ಬಡಗಿ:
ಅಕ್ಕ ಹೇಳಿದ್ದು ಸರಿ. ಅಟ್ಟಕ್ಕೆ ಹೋದಾಗ ಹೆಂಚು ಹೊರುವ ಮರಗಳಾದ ಪಕ್ಕಾಸು, ರೀಪುಗಳನ್ನು ಕತ್ತಿಯ ತುದಿಯಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗಿಳಿದರೆ ಗೆದ್ದಲು ತಿಂದಿದೆ ಅಥವಾ ಕೊಳೆತು ಕುಂಬಾಗಿದೆ. ಅಂಥ ಮಾಡಿಗೆ ನಾನೂ ಹತ್ತುವುದಿಲ್ಲ. ಹಲಗೆ ಕಟ್ಟಿ ಕೆಳಗಿನಿಂದಲೇ ಬಿಚ್ಚುತ್ತೇನೆ. ಆಟಿಯಲ್ಲಿ ಒಂದು ದಿನದ ಬಿಸಿಲಿಗೆ ಪಾಚಿ ಒಣಗುವುದಿಲ್ಲ. ನಾವು ಬರುವುದಿಲ್ಲ ಎನ್ನುವುದು ಸೋಮಾರಿತನದಿಂದಲ್ಲ.

ಹೆಂಚು ತರುವ ಮೊದಲು ಹಳೆಯದರ ಬೆನ್ನಿನ ಅಚ್ಚು ನೋಡಿಕೊಳ್ಳಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಶುರುಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದರ ಹೆಂಚಿನ ಗಾಡಿ (ಅಂಚಿನ ತೋಡು) ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಒತ್ತಿ ಕೂರಿಸಿದರೆ ಅಲ್ಲೇ ಸೋರುತ್ತದೆ.

ನೀರ್ಚಾಲಿನವ:
ಪೆರ್ಲದ ಅಣ್ಣ, ನಿಮ್ಮದನ್ನು ಅಮ್ಮನಿಗೆ ಓದಿ ಹೇಳಿದೆ. ಏಣಿಯನ್ನು ಅವರೇ ಒಳಗಿಡಿಸಿದರು. ಅಟ್ಟದಿಂದ ಎರಡು ಹಾಳೆ ತುರುಕಿಸಿದೆ. ಒಂದು ಕಡೆ ಪೂರ್ತಿ ನಿಂತಿದೆ, ಇನ್ನೊಂದು ಕಡೆ ಗಾಳಿಮಳೆಗೆ ಮಾತ್ರ ಹನಿಯುತ್ತದೆ. ಆ ಮೂಲೆಯ ಪಕ್ಕಾಸಿನಲ್ಲಿ ಕತ್ತಿ ಬೆರಳಿನಷ್ಟು ಒಳಗಿಳಿಯಿತು. ಬಡಗಿಯಣ್ಣ, ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಬರಬಹುದೇ? ನಮ್ಮ ಹೆಂಚಿನ ಬೆನ್ನಲ್ಲಿ ನಕ್ಷತ್ರದ ಅಚ್ಚು ಇದೆ. ಬದಿಯಡ್ಕ ಕಡೆ ಯಾರಾದರೂ ಹಳೇ ಮನೆ ಬಿಚ್ಚಿದ್ದರೆ ಅಂಥದ್ದು ಒಂದು ನಲವತ್ತು ಬೇಕಿತ್ತು.