ಥರ್ಮೋಸ್ಟಾಟ್ ಬದಲಾಯಿಸಿದ ಮೇಲೆ ಗೀಸರ್ ಐದೇ ನಿಮಿಷಕ್ಕೆ ಆರುತ್ತಿದೆ

ಮೇಗರವಳ್ಳಿಯವನು:
ನಮ್ಮದು 15 ಲೀಟರ್, 2000 ವಾಟ್ ಗೀಸರ್; ಕಾಯಿಲ್ ತಳದಲ್ಲಿದೆ. ಹೋದ ವಾರ ಕೆಟ್ಟು ನಿಂತಿತು. ರಿಪೇರಿಯವನು ಕಾಯಿಲ್ ಹೊರಗೆಳೆದು ನೋಡಿ, ಸರಿಯಿದೆಯೆಂದು ಮತ್ತೆ ಕೂರಿಸಿ, ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಹೊಸದು ಹಾಕಿ ಹೋದ. ಅಂದಿನಿಂದ ಸ್ವಿಚ್ ಹಾಕಿದ ಐದಾರು ನಿಮಿಷಕ್ಕೇ ಕೆಂಪು ದೀಪ ಆರುತ್ತದೆ. ನೀರು ಬರೀ ಉಗುರುಬೆಚ್ಚಗೆ. ಒಂದೆರಡು ನಿಮಿಷಕ್ಕೆ ತಾನಾಗಿ ಹೊತ್ತಿ ಮತ್ತೆ ಆರುತ್ತದೆ, ಗಂಟೆಗಟ್ಟಲೆ ಕಣ್ಣು ಮಿಟುಕಿಸಿದ ಹಾಗೆ. ಥರ್ಮೋಸ್ಟಾಟ್‌ನ ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಅಷ್ಟೇ.

ಅಮ್ಮನಿಗಂತೂ ಹಬ್ಬ. ಹಂಡೆ ಒಲೆಗೆ ಅಡಿಕೆ ಸಿಪ್ಪೆ ತುಂಬುತ್ತಾ, "ನಿನ್ನ ಡಬ್ಬಿ ಕಾಯುವಷ್ಟರಲ್ಲಿ ಮನೆಮಂದಿಯ ಸ್ನಾನವೆಲ್ಲ ಮುಗಿಯಿತು" ಎನ್ನುತ್ತಾರೆ. ಏನಿರಬಹುದು?

ಸಾಗರದ ತೋಟದವರು:
ವೋಲ್ಟೇಜ್ ನೋಡಿ ಮಾರಾಯರೇ. ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ ನಮ್ಮಲ್ಲಿ 170ಕ್ಕೆ ಇಳಿಯುತ್ತದೆ, ನೀರು ಕಾಯುವುದೇ ಇಲ್ಲ.

ನಿವೃತ್ತ ಎಲೆಕ್ಟ್ರಿಷಿಯನ್, ಕೊಪ್ಪ:
ವೋಲ್ಟೇಜ್ ಅಲ್ಲ. 170ರಲ್ಲಿ ಆ ಕಾಯಿಲ್ ಸುಮಾರು 1100 ವಾಟ್ ಮಾತ್ರ ಎಳೆಯುತ್ತದೆ. ಆಗ ದೀಪ ಹೆಚ್ಚು ಹೊತ್ತು ಉರಿಯಬೇಕೇ ಹೊರತು ಬೇಗ ಆರಬಾರದು. ಪೂರ್ತಿ 2000 ವಾಟ್ ಸಿಕ್ಕರೂ 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು ಇಪ್ಪತ್ತು ನಿಮಿಷ ದಾಟುತ್ತದೆ. ಆರು ನಿಮಿಷದಲ್ಲಿ ಹನ್ನೊಂದು, ಹನ್ನೆರಡು ಡಿಗ್ರಿ. ನೀರು ಕಾದಿಲ್ಲ, ಥರ್ಮೋಸ್ಟಾಟ್ ಮಾತ್ರ ಕಾದಿದೆ.

ಕಾಯಿಲ್ ಹೊರಗೆಳೆದ ಎಂದಿರಲ್ಲ, ನನಗೆ ಅನುಮಾನ ಅಲ್ಲೇ. ಥರ್ಮೋಸ್ಟಾಟ್‌ನ ಕಡ್ಡಿ ಕೂರುವ ಕೊಳವೆ ಕಾಯಿಲ್ ಪಕ್ಕದಲ್ಲೇ ಇರುತ್ತದೆ. ಕಾಯಿಲ್ ಬಾಗಿ ಅದಕ್ಕೆ ತಾಗಿದರೆ ಕಡ್ಡಿಗೆ ಕಾಯಿಲ್‌ನದೇ ಬಿಸಿ ಸಿಗುತ್ತದೆ. ಸುತ್ತ ಕೆಸರು ಗಟ್ಟಿಯಾಗಿದ್ದರೂ ಹೀಗೇ. ದೀಪ ತಾನಾಗಿ ಹೊತ್ತುವುದರಿಂದ ಕಟೌಟ್, ಅಂದರೆ ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಸುರಕ್ಷಾ ಸ್ವಿಚ್, ಅಲ್ಲ. ಅದು ಬಿದ್ದರೆ ಗುಂಡಿ ಒತ್ತಬೇಕಾಗುತ್ತದೆ. ಆದರೂ ತಂತಿ ಕಟೌಟ್ ಮೂಲಕವೇ ಹೋಗಿದೆಯೇ ನೋಡಿ. ಅದನ್ನು ಬಿಟ್ಟು ನೇರ ಜೋಡಿಸುವ ಮಹನೀಯರಿದ್ದಾರೆ, ನಾನು ಕಂಡಿದ್ದೇನೆ.

ಬಿಚ್ಚುವ ಮುನ್ನ ಬೋರ್ಡಿನ ಎಂಸಿಬಿ ಸ್ವಿಚ್ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ನೀರು ಪೂರ್ತಿ ಖಾಲಿ ಮಾಡಿ. ಮತ್ತೆ ಹಾಕಿದಾಗ ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರೆಯಾಗಿ ಬಂದ ಮೇಲೆಯೇ ಸ್ವಿಚ್ ಹಾಕಿ. ಒಣ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ.

ಮೇಗರವಳ್ಳಿಯವನು:
ಇವತ್ತು ಬಿಚ್ಚಿದೆ. ಕಾಯಿಲ್‌ನ ಒಂದು ಸುತ್ತು ಕೊಳವೆಗೆ ಒರಗಿಯೇ ಇತ್ತು. ತಾಗಿದ ಕಡೆ ತಾಮ್ರ ಕಪ್ಪಾಗಿದೆ. ಸಾಲದ್ದಕ್ಕೆ ತಳದಲ್ಲಿ ಅರ್ಧ ಕರಟದಷ್ಟು ಕೆಂಪು ಗೋಡು. ನಮ್ಮದು ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು, ಮಳೆಗಾಲದ ಮಣ್ಣೆಲ್ಲ ಒಳಗೆ ಸೇರಿದೆ. ತೊಳೆದು, ಕಾಯಿಲನ್ನು ಕೈಯಿಂದಲೇ ಮೆಲ್ಲಗೆ ಸರಿಸಿ, ಬೆರಳು ತೂರುವಷ್ಟು ಅಂತರ ಬಿಟ್ಟು ಕೂರಿಸಿದೆ. ಕಟೌಟ್ ತಂತಿ ಸರಿಯಾಗಿಯೇ ಇದೆ. ಈಗ ದೀಪ ಇಪ್ಪತ್ತೆರಡು ನಿಮಿಷ ಉರಿದು ಆರಿತು, ನೀರಿಗೆ ಕೈ ಇಡಲಾಗಲಿಲ್ಲ.

ಅಮ್ಮ ಒಂದು ತಂಬಿಗೆ ಮುಟ್ಟಿ ನೋಡಿ, ಏನೂ ಹೇಳದೆ ಹಂಡೆಗೆ ಸುರಿದುಕೊಂಡರು.

ಒಂದೇ ಕೊರತೆ: ತಳದ ರಬ್ಬರ್ ವಾಷರ್ ಹಳೆಯದನ್ನೇ ಹಾಕಿದ್ದೆ, ನಿಮಿಷಕ್ಕೊಂದು ಹನಿ ಬೀಳುತ್ತಿದೆ. ಬೋಲ್ಟ್ ಇನ್ನೂ ಬಿಗಿಯಲೇ?

ನಿವೃತ್ತ ಎಲೆಕ್ಟ್ರಿಷಿಯನ್, ಕೊಪ್ಪ:
ಬಿಗಿಯಬೇಡಿ, ಹೊಸ ವಾಷರ್ ಹಾಕಿ. ಹನಿ ಬೀಳುವುದು ತಂತಿಗಳ ಮೇಲೆಯೇ. ಅಲ್ಲಿಯವರೆಗೆ ಎಂಸಿಬಿ ಇಳಿದೇ ಇರಲಿ, ಸ್ನಾನ ಹಂಡೆಯ ನೀರಿನಲ್ಲೇ ಆಗಲಿ.