ರಾಜೀನಾಮೆ ನೀವೇ ಕೊಡಿ ಅಂತಿದ್ದಾರೆ, ಇಲ್ಲದಿದ್ದರೆ ಬಾಂಡ್ ದುಡ್ಡು ಕಟ್ಟಬೇಕಂತೆ. ಏನು ಮಾಡಲಿ?

ಸಂಜೆಗಾಳಿ:

ಎಲ್ಲರಿಗೂ ನಮಸ್ಕಾರ. ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ, ಎರಡು ವರ್ಷ ದಾಟಿದೆ. ಸೇರುವಾಗ ಮೂರು ವರ್ಷದ ಬಾಂಡ್ ಬರೆಸಿಕೊಂಡಿದ್ದರು, ನಡುವೆ ಬಿಟ್ಟರೆ 1.5 ಲಕ್ಷ ರೂಪಾಯಿ ಕಟ್ಟಬೇಕು ಅಂತ. ಡಿಗ್ರಿಯ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳನ್ನೂ ವೆರಿಫಿಕೇಶನ್‌ಗೆ ಅಂತ ತೆಗೆದುಕೊಂಡವರು ಇನ್ನೂ ವಾಪಸ್ ಕೊಟ್ಟಿಲ್ಲ.

ನಮ್ಮ ಪ್ರಾಜೆಕ್ಟ್ ಮುಗಿಯಿತು. ಮೊನ್ನೆ ಎಚ್‌ಆರ್ ಮೇಡಂ ಮೀಟಿಂಗ್ ರೂಮಿಗೆ ಕರೆದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ರಾಜೀನಾಮೆ ಮೇಲ್ ಆಗಲೇ ಟೈಪ್ ಮಾಡಿಟ್ಟಿದ್ದರು, "ವೈಯಕ್ತಿಕ ಕಾರಣಗಳಿಂದ" ಅಂತ. ಸೆಂಡ್ ಒತ್ತಿದರೆ ಬಾಂಡ್ ಮಾಫಿ, ರಿಲೀವಿಂಗ್ ಲೆಟರ್ ಕೂಡ ಚೆನ್ನಾಗಿ ಕೊಡುತ್ತೇವೆ, ಒತ್ತದಿದ್ದರೆ ಟರ್ಮಿನೇಟ್ ಮಾಡುತ್ತೇವೆ, ಬಾಂಡ್ ದುಡ್ಡೂ ವಸೂಲಿ ಮಾಡುತ್ತೇವೆ ಅಂದರು. ಯೋಚಿಸಿ ಹೇಳುತ್ತೇನೆ ಅಂತ ಎದ್ದು ಬಂದೆ. ಶುಕ್ರವಾರದ ತನಕ ಟೈಮ್ ಕೊಟ್ಟಿದ್ದಾರೆ. ಇದು ಸರೀನಾ? ನನಗೆ ಏನು ಹಕ್ಕಿದೆ?

ಹಳೇ_ಎಚ್‌ಆರ್:

ಮೊದಲು ಒಂದು ಮಾತು, ಆ ಮೇಲ್ ಕಳಿಸಬೇಡಿ. ಕಂಪನಿ ತೆಗೆಯುವುದಾದರೆ ಕಂಪನಿಯೇ ತೆಗೆಯಲಿ, ಕಾಗದದ ಮೇಲೆ ಬರೆದು ಕೊಡಲಿ.

ಯಾಕೆ ಅಂದರೆ, ಕೆಲಸ ಇಲ್ಲ ಅಂತ ಕಂಪನಿ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಕನಿಷ್ಠ ಒಂದು ವರ್ಷ ಸತತವಾಗಿ ಕೆಲಸ ಮಾಡಿದವರಿಗೆ ಒಂದು ತಿಂಗಳ ಲಿಖಿತ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಜೊತೆಗೆ ಪೂರ್ತಿ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು, 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಹೊಸ ಸಂಹಿತೆಯಲ್ಲಿ ಮರುಕೌಶಲ್ಯ ನಿಧಿ (ಕೆಲಸ ಕಳೆದುಕೊಂಡವರು ಹೊಸ ಕೌಶಲ ಕಲಿಯಲಿ ಅಂತ ಇರುವ ನಿಧಿ) ಅಂತ ಇನ್ನೂ 15 ದಿನದ ಸಂಬಳ ಸೇರಿಸಿದ್ದಾರೆ. "ವೈಯಕ್ತಿಕ ಕಾರಣ" ಅಂತ ನೀವೇ ಬರೆದು ಕೊಟ್ಟ ಕ್ಷಣ ಇದರಲ್ಲಿ ಒಂದನ್ನೂ ಕೇಳುವ ಹಾಗಿಲ್ಲ. ಅದಕ್ಕೇ ಅವರು ಮೇಲ್ ಟೈಪ್ ಮಾಡಿಟ್ಟಿದ್ದು.

"ಐಟಿಯವರಿಗೆ ಲೇಬರ್ ಕಾನೂನು ಇಲ್ಲ" ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ವಿನಾಯಿತಿ ಸಿಕ್ಕಿದ್ದು ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ, ಅಂದರೆ ಕೆಲಸದ ಷರತ್ತುಗಳನ್ನು ಕಂಪನಿ ಬರೆದಿಡಬೇಕು ಅನ್ನುವ ಕಾಯ್ದೆಯಿಂದ ಮಾತ್ರ. ಅದನ್ನೇ ಎಳೆದು ಎಳೆದು ಯಾವ ಕಾನೂನೂ ಇಲ್ಲ ಅಂತ ಹಬ್ಬಿಸಿದ್ದಾರೆ. ಈ ಕಾನೂನಿನ ರಕ್ಷಣೆ ಕಾರ್ಮಿಕ ಅನ್ನಿಸಿಕೊಳ್ಳುವವರಿಗೆ. ಅದಕ್ಕೆ ನಿಮ್ಮ ಹುದ್ದೆಯ ಹೆಸರು ಸೀನಿಯರ್, ಲೀಡ್ ಏನೇ ಇರಲಿ, ದಿನವೂ ನೀವು ಮಾಡುವ ಕೆಲಸ ಏನು ಅನ್ನುವುದೇ ಲೆಕ್ಕ. ಕೈಕೆಳಗೆ ಜನ ಇಟ್ಟುಕೊಂಡು ರಜೆ ಮಂಜೂರು ಮಾಡುವ ಮ್ಯಾನೇಜರ್ ಆಗಿದ್ದರೆ ಬೇರೆ ಮಾತು. ಟೆಸ್ಟಿಂಗ್ ತಾಂತ್ರಿಕ ಕೆಲಸ, ಹಾಗಾಗಿ ನಿಮ್ಮ ವಾದಕ್ಕೆ ಬಲ ಇದೆ.

ಒತ್ತಡಕ್ಕೆ ಸಿಕ್ಕಿ ಆಗಲೇ ಮೇಲ್ ಕಳಿಸಿಬಿಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ: ಕಂಪನಿ ಒಪ್ಪಿಕೊಳ್ಳುವ ಮೊದಲೇ "ರಾಜೀನಾಮೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ಒತ್ತಡ ಹಾಕಿ ಬರೆಸಿಕೊಂಡಿದ್ದರು" ಅಂತ ಕೂಡಲೇ ಬರೆಯಿರಿ. ತಡ ಮಾಡಿದಷ್ಟೂ ಕಷ್ಟ.

ಕರಿಕೋಟು:

ಬಾಂಡ್ ವಿಷಯ ನಾನು ಹೇಳುತ್ತೇನೆ, ವಕೀಲಿಕೆ ಮಾಡುತ್ತೇನೆ. ಬಾಂಡ್ ಅಂದರೆ ಪೂರ್ತಿ ಸುಳ್ಳು, ಕೋರ್ಟ್‌ನಲ್ಲಿ ನಿಲ್ಲುವುದೇ ಇಲ್ಲ ಅಂತ ಜನ ಹೇಳುತ್ತಾರೆ. ಅದು ನಿಜ ಅಲ್ಲ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ, 2 ಲಕ್ಷ ರೂಪಾಯಿಯ ಬಾಂಡ್ ಎತ್ತಿಹಿಡಿಯಿತು. ಆದರೆ ಅಲ್ಲಿ ಉದ್ಯೋಗಿ ತಾವಾಗಿ ಬಿಟ್ಟು ಬೇರೆ ಬ್ಯಾಂಕಿಗೆ ಹೋಗಿದ್ದರು. ಸರ್ಕಾರಿ ಬ್ಯಾಂಕ್ ಮತ್ತೆ ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಹೊಸಬರನ್ನು ತೆಗೆದುಕೊಳ್ಳಬೇಕು, ಅದಕ್ಕೆ ಖರ್ಚಿದೆ ಅನ್ನುವುದನ್ನು ಕೋರ್ಟ್ ಮುಖ್ಯವಾಗಿ ನೋಡಿತು.

ನಿಮ್ಮದು ಹಾಗಲ್ಲ. ಬಾಂಡ್ ತೆಗೆದು ಆ ಒಂದು ಸಾಲು ಓದಿ. ಸಾಮಾನ್ಯವಾಗಿ "ಉದ್ಯೋಗಿಯು ಅವಧಿಗೆ ಮುನ್ನ ಕೆಲಸ ತೊರೆದಲ್ಲಿ" ಅಂತ ಇರುತ್ತದೆ. ಕಂಪನಿಯೇ ಹೊರಗೆ ಹಾಕಿದರೆ ನೀವು ತೊರೆದ ಹಾಗೆ ಹೇಗಾಗುತ್ತದೆ? ಅಂದರೆ ಈಗ ಮಾಫಿ ಮಾಡುತ್ತೇವೆ ಅಂತ ನಿಮ್ಮ ಮುಂದೆ ಹಿಡಿದಿರುವ ಸಾಲ ಬಹುಮಟ್ಟಿಗೆ ಸಾಲವೇ ಅಲ್ಲ. "ಯಾವುದೇ ಕಾರಣಕ್ಕೆ ಟರ್ಮಿನೇಟ್ ಆದರೂ" ಅಂತ ಬರೆದಿದ್ದರೆ ಸಾಲನ್ನು ಇಲ್ಲಿ ಟೈಪ್ ಮಾಡಿ ಹಾಕಿ, ನೋಡೋಣ. ಆಗಲೂ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬಾಂಡ್‌ನಲ್ಲಿರುವ ಮೊತ್ತ ಮೇಲಿನ ಮಿತಿ ಅಷ್ಟೇ, ಕೋರ್ಟ್ ಕೊಡಿಸುವುದು ಅದರೊಳಗೆ ನ್ಯಾಯವಾಗಿ ಕಾಣುವ ಪರಿಹಾರ. ಟ್ರೈನಿಂಗ್‌ಗೆ ಏನು ಖರ್ಚಾಯಿತು, ನೀವು ಎಷ್ಟು ಕಾಲ ದುಡಿದಿದ್ದೀರಿ ಅನ್ನುವ ಪ್ರಶ್ನೆಗಳೆಲ್ಲ ಅಲ್ಲಿ ಬರುತ್ತವೆ.

ಮಾರ್ಕ್ಸ್ ಕಾರ್ಡ್ ಬಗ್ಗೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಿಮ್ಮ ಓದಿನ ದಾಖಲೆಯನ್ನು ಒತ್ತೆ ಇಟ್ಟುಕೊಳ್ಳುವ ಅಧಿಕಾರ ಯಾವ ಕಾಯ್ದೆಯೂ ಕಂಪನಿಗೆ ಕೊಟ್ಟಿಲ್ಲ. ಇವತ್ತೇ ಮೇಲ್‌ನಲ್ಲಿ ಕೇಳಿ, ನಾಲ್ಕೈದು ದಿನ ನೋಡಿ, ಆಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಸೇರುವಾಗ ಕಾರ್ಡ್ ಕೊಟ್ಟಿದ್ದಕ್ಕೆ ರಸೀದಿಯೋ ಮೇಲೋ ಇದ್ದರೆ ಹುಡುಕಿಡಿ.

ಲೆಕ್ಕದಪುಸ್ತಕ:

ದುಡ್ಡಿನ ಕಡೆಯದು ಯಾರೂ ಹೇಳಲಿಲ್ಲ. ಫೈನಲ್ ಸೆಟ್ಲ್‌ಮೆಂಟ್ 45 ದಿನ, 60 ದಿನ ಆಗುತ್ತದೆ ಅಂತ ಎಲ್ಲ ಕಂಪನಿಗಳೂ ಹೇಳುತ್ತವಲ್ಲ, ವೇತನ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ ತೆಗೆದರೂ ಸರಿ, ನೀವೇ ಬಿಟ್ಟರೂ ಸರಿ, ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಕ್ಲೇಮ್ ಹಾಕಲು ಮೂರು ವರ್ಷ ಸಮಯ ಇದೆ. ಹಾಗಾಗಿ "ಈಗಲೇ ನೋ ಡ್ಯೂಸ್‌ಗೆ (ಬಾಕಿ ಏನೂ ಇಲ್ಲ ಅನ್ನುವ ಪತ್ರಕ್ಕೆ) ಸೈನ್ ಹಾಕಿ, ದುಡ್ಡು ಆಮೇಲೆ ಬರುತ್ತದೆ" ಅಂದರೆ ಒಪ್ಪಬೇಡಿ. ಅದರಲ್ಲಿ "ನನಗೆ ಬರಬೇಕಾದದ್ದೆಲ್ಲ ಬಂದಿದೆ" ಅನ್ನುವ ಸಾಲು ಇದ್ದೇ ಇರುತ್ತದೆ.

ಪಿಎಫ್ ಪಾಸ್‌ಬುಕ್ ಕೂಡ ಇವತ್ತೇ ತೆಗೆದು ನೋಡಿ. ಸಂಬಳದ ಚೀಟಿಯಲ್ಲಿ ಕಟ್ ಆದದ್ದು ಮುಂದಿನ ತಿಂಗಳ 15ರೊಳಗೆ ಕಟ್ಟಿರಬೇಕು. ಎರಡನ್ನೂ ಪಕ್ಕದಲ್ಲಿ ಇಟ್ಟು ತಿಂಗಳು ತಿಂಗಳು ಹೋಲಿಸಿ. ಬಿಟ್ಟ ಮೇಲೆ ಕಂಪನಿ ಡೇಟ್ ಆಫ್ ಎಕ್ಸಿಟ್ (ಕೆಲಸ ಬಿಟ್ಟ ದಿನಾಂಕ) ಹಾಕದೆ ಸತಾಯಿಸಿದರೆ ಕೊನೆಯ ಕಂತು ಬಿದ್ದ ಎರಡು ತಿಂಗಳ ನಂತರ ಪಿಎಫ್‌ನ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಬಹುದು. ಅದಕ್ಕೆ ಎಚ್‌ಆರ್ ಕಾಲು ಹಿಡಿಯಬೇಕಾಗಿಲ್ಲ.

ಮುಖ್ಯವಾಗಿ ಸ್ಯಾಲರಿ ಸ್ಲಿಪ್, ಅಪಾಯಿಂಟ್‌ಮೆಂಟ್ ಲೆಟರ್, ಅಪ್ರೈಸಲ್ ಪತ್ರ ಎಲ್ಲ ಸ್ವಂತ ಮೇಲ್‌ನಲ್ಲಿ ಇರಲಿ. ಲಾಗಿನ್ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಗ್ರಾಹಕರ ಫೈಲ್, ಕೋಡ್ ಮಾತ್ರ ಮುಟ್ಟಬೇಡಿ, ಅದನ್ನೇ ನಿಮ್ಮ ಮೇಲೆ ತಿರುಗಿಸುತ್ತಾರೆ.

ಮಣ್ಣಿನದಾರಿ:

ಮಧ್ಯೆ ಬಂದಿದ್ದಕ್ಕೆ ಬೇಸರ ಬೇಡ. ನನ್ನದು ಒಂದೂವರೆ ವರ್ಷದ ಫಿಕ್ಸೆಡ್ ಟರ್ಮ್ ಕೆಲಸ, ಮುಗಿಯುತ್ತಾ ಬಂತು. ಐದು ವರ್ಷ ಆಗಿಲ್ಲ ಅಂದರೆ ಗ್ರಾಚ್ಯುಟಿ ಇಲ್ಲ ಅಲ್ವಾ?

ಲೆಕ್ಕದಪುಸ್ತಕ:

ಐದು ವರ್ಷ ಖಾಯಂ ನೌಕರರಿಗೆ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಫಿಕ್ಸೆಡ್ ಟರ್ಮ್‌ನವರಿಗೆ ಒಂದು ವರ್ಷ ಆದರೆ ಸಾಕು, ದುಡಿದ ಅವಧಿಯ ಲೆಕ್ಕದಲ್ಲಿ ಬರುತ್ತದೆ. ಏಜೆನ್ಸಿ ಮೂಲಕ ಬಂದ ಕಾಂಟ್ರ್ಯಾಕ್ಟ್ ಕೆಲಸ ಬೇರೆ, ಕಂಪನಿ ಜೊತೆ ನೇರವಾಗಿ ಬರೆದುಕೊಂಡ ಫಿಕ್ಸೆಡ್ ಟರ್ಮ್ ಬೇರೆ. ನಿಮ್ಮ ಪತ್ರದಲ್ಲಿ ಯಾವುದಿದೆ ಅಂತ ನೋಡಿ.

ಸಂಜೆಗಾಳಿ:

ಎಲ್ಲರಿಗೂ ತುಂಬಾ ಧನ್ಯವಾದ, ಎರಡು ದಿನದಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಬಾಂಡ್ ನೋಡಿದೆ, "ಸ್ವಇಚ್ಛೆಯಿಂದ ತೊರೆದಲ್ಲಿ" ಅಂತಲೇ ಇದೆ. ಶುಕ್ರವಾರ ಏನಂತ ಬರೆಯಲಿ ಸರ್? ವಕೀಲರನ್ನು ಇಡುವಷ್ಟು ದುಡ್ಡು ಇಲ್ಲ.

ಕರಿಕೋಟು:

ಆ ಸಾಲು ನಿಮ್ಮ ಪರವಾಗಿಯೇ ಇದೆ. ದುಡ್ಡಿನ ಚಿಂತೆ ಬೇಡ, 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಲೇಬರ್ ಆಫೀಸರ್‌ಗೆ ದೂರು ಕೊಡಲು ವಕೀಲರೇ ಬೇಕು ಅಂತ ಇಲ್ಲ.

ಶುಕ್ರವಾರದ ತನಕ ಕಾಯಬೇಡಿ, ಇವತ್ತೇ ಕಳಿಸಿ, ಸ್ವಂತ ಮೇಲ್ ಐಡಿಗೆ ಒಂದು ಪ್ರತಿ ಹಾಕಿಕೊಂಡು:

"ಮೇಡಂ, ಮೊನ್ನೆಯ ಮೀಟಿಂಗ್‌ನಲ್ಲಿ ರಾಜೀನಾಮೆ ಕೊಡುವಂತೆಯೂ, ಕೊಡದಿದ್ದರೆ ಟರ್ಮಿನೇಟ್ ಮಾಡಿ ಬಾಂಡ್ ಮೊತ್ತ ವಸೂಲಿ ಮಾಡುವುದಾಗಿಯೂ ತಿಳಿಸಿದಿರಿ. ನನಗೆ ರಾಜೀನಾಮೆ ಕೊಡುವ ಇಚ್ಛೆ ಇಲ್ಲ. ಕೆಲಸಕ್ಕೆ ಎಂದಿನಂತೆ ಹಾಜರಾಗುತ್ತಿದ್ದೇನೆ. ಕಂಪನಿಯ ನಿರ್ಧಾರ ಏನೇ ಇದ್ದರೂ ಕಾರಣ ಸಮೇತ ಲಿಖಿತವಾಗಿ ಕೊಡಿ. ಸೇರುವಾಗ ನಾನು ಕೊಟ್ಟ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳನ್ನು ದಯವಿಟ್ಟು ಈ ವಾರವೇ ಹಿಂದಿರುಗಿಸಿ."

ಇಷ್ಟು ಸಾಕು. ಅವರು ಫೋನ್ ಮಾಡಿದರೆ "ಮೇಲ್‌ನಲ್ಲೇ ಉತ್ತರ ಕೊಡಿ ಮೇಡಂ" ಅನ್ನಿ. ಏನು ಬಂತು ಅಂತ ಇಲ್ಲಿ ಹಾಕಿ, ಮುಂದಿನದು ನೋಡೋಣ.